1944ರ ಮಿಲಿಟರಿ ಜೀಪು ಮತ್ತೆ ರಸ್ತೆಗೆ ಬರಲು ಏನೇನು ಬೇಕಾಯಿತು

ನಮ್ಮ ಜೀಪಿನ ವಿಂಟೇಜ್ ನೋಂದಣಿ ಪತ್ರ ಕಳೆದ ತಿಂಗಳು ಕೈಗೆ ಬಂತು. ಗಾಡಿ 1944ರದು. ಎರಡನೇ ಮಹಾಯುದ್ಧಕ್ಕೆ ಅಂತ ಅಮೆರಿಕದಲ್ಲಿ ಫೋರ್ಡ್ ಕಂಪನಿ ಮಾಡಿದ ಜಿಪಿಡಬ್ಲ್ಯೂ ಮಾದರಿ. ಈ ಕೆಲಸ ಶುರು ಮಾಡಿದಾಗ ಯಾರನ್ನು ಕೇಳಬೇಕು, ಎಲ್ಲಿಂದ ಹಿಡಿಯಬೇಕು ಅನ್ನೋದೇ ಗೊತ್ತಾಗಿರಲಿಲ್ಲ. ಚನ್ನಗಿರಿ, ಹೊಳಲ್ಕೆರೆ ಕಡೆಯ ಅಡಿಕೆ ತೋಟದ ಮನೆಗಳಲ್ಲಿ ಹಳೇ ಜೀಪುಗಳು ಇನ್ನೂ ಇವೆ. ಎಷ್ಟೋ ಗಾಡಿ ಕೊಟ್ಟಿಗೆ ಪಕ್ಕ ತುಕ್ಕು ಹಿಡಿದು ನಿಂತಿವೆ. ಅಂಥ ಮನೆಯವರಿಗೆ ಉಪಯೋಗ ಆಗಲಿ ಅಂತ ನಡೆದದ್ದನ್ನೆಲ್ಲ ಖರ್ಚಿನ ಸಮೇತ ಬರೆಯುತ್ತಿದ್ದೇನೆ.

ಈ ಜೀಪನ್ನು ಅಜ್ಜ ಬೆಂಗಳೂರಿನಲ್ಲಿ ಮಿಲಿಟರಿ ಡಿಸ್ಪೋಸಲ್ ಹರಾಜಿನಲ್ಲಿ ಕೊಂಡಿದ್ದರು. ಮೊದಲ ನೋಂದಣಿ ಆದದ್ದು 1962ರಲ್ಲಿ, ಆಗಿನ್ನೂ ಮೈಸೂರು ರಾಜ್ಯ. ನಂಬರ್ ‘ಎಂವೈ’ಯಿಂದ ಶುರುವಾಗುತ್ತದೆ. ಚನ್ನಗಿರಿ ಹತ್ತಿರದ ನಮ್ಮ ತೋಟದಿಂದ ಅಡಿಕೆ ಮೂಟೆ ಹೇರಿಕೊಂಡು, ಮಳೆಗಾಲದ ಕೆಸರಿನಲ್ಲಿ ನಾಲ್ಕೂ ಗಾಲಿ ಎಳೆಸಿಕೊಂಡು ಓಡಾಡಿದ ಗಾಡಿ. ಎಂಬತ್ತರ ದಶಕದಲ್ಲಿ ಪೆಟ್ರೋಲ್ ಖರ್ಚು ತಡೆಯಲಾಗದೆ ಅಜ್ಜ ಡೀಸೆಲ್ ಎಂಜಿನ್ ಕೂರಿಸಿದರು. ಆ ಕಾಲದಲ್ಲಿ ನಮ್ಮ ಕಡೆ ಎಲ್ಲರೂ ಹಾಗೇ ಮಾಡಿದರು. ಆದರೆ ಅಜ್ಜ ಹಳೇ ಪೆಟ್ರೋಲ್ ಎಂಜಿನ್ ಮಾರಲಿಲ್ಲ. ಅಡಿಕೆ ಗೋದಾಮಿನ ಮೂಲೆಯಲ್ಲಿ ಗೋಣಿಚೀಲ ಮುಚ್ಚಿ ಇಟ್ಟರು. ಅವತ್ತು ಅದನ್ನು ಗುಜರಿಗೆ ಹಾಕಿದ್ದರೆ ಇವತ್ತು ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ಅಪ್ಪ ವಾಯುಪಡೆಯಲ್ಲಿ ಎಂಜಿನ್ ಫಿಟ್ಟರ್ ಆಗಿದ್ದವರು. ಜೋರ್ಹಾಟ್‌ನಲ್ಲಿ ಡಕೋಟಾ ಅನ್ನೋ ಸಾಗಣೆ ವಿಮಾನಗಳ ಮೇಲೆ ಕೆಲಸ ಮಾಡಿದ್ದಾರೆ. ಈಗ ಎಂಬತ್ತು ದಾಟಿದೆ. ಕೈ ನಡುಗುತ್ತದೆ, ಕಿವಿ ಮಾತ್ರ ಚುರುಕು. ಎಂಜಿನ್ ಸದ್ದು ಕೇಳಿ ಯಾವ ಸಿಲಿಂಡರ್ ಸರಿಯಾಗಿ ಹೊಡೆಯುತ್ತಿಲ್ಲ ಅಂತ ಹೇಳುತ್ತಾರೆ. ಅವರು ಇರುವಾಗಲೇ ಜೀಪು ಮೂಲ ಎಂಜಿನ್‌ನಲ್ಲಿ ಓಡಬೇಕು ಅನ್ನೋದು ನನ್ನ ಆಸೆ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಲೆಕ್ಕ, ಕಾಗದ ನನ್ನದು. ಎಂಜಿನ್ ಅಪ್ಪನದು ಅಂತ ಮೊದಲೇ ಮಾತಾಯಿತು. ಶುರುವಿನಲ್ಲೇ ಅಪ್ಪ ಒಂದು ದಪ್ಪ ರಿಜಿಸ್ಟರ್ ತರಿಸಿದರು. "ನೋಡವ್ವಾ, ವಿಮಾನಕ್ಕೆ ಲಾಗ್‌ಬುಕ್ ಇಲ್ಲ ಅಂದ್ರೆ ಅದು ಹಾರಂಗಿಲ್ಲ. ಇದಕ್ಕೂ ಒಂದು ಇಡು. ಯಾವ ನಟ್ಟು ಯಾವಾಗ ಬಿಚ್ಚಿದ್ವಿ, ಏನು ಹಾಕಿದ್ವಿ, ಎಷ್ಟಾತು, ಎಲ್ಲಾ ಬರಿ" ಅಂದರು. ನಿಮಗೂ ಇದೇ ಮೊದಲ ಸಲಹೆ. ಆಮೇಲೆ ತಪಾಸಣೆಗೆ ಬಂದವರು ಜಾಸ್ತಿ ಹೊತ್ತು ತಿರುವಿ ನೋಡಿದ್ದು ಆ ರಿಜಿಸ್ಟರನ್ನೇ.

ಮೊದಲ ತೊಡಕು ಕಾಗದದ್ದು. ಆರ್‌ಸಿ ಪುಸ್ತಕ ಇನ್ನೂ ಅಜ್ಜನ ಹೆಸರಿನಲ್ಲಿತ್ತು. ನವೀಕರಣ ಎಂದೋ ನಿಂತಿತ್ತು. ಪುಸ್ತಕದಲ್ಲಿ ಇಂಧನ ‘ಡೀಸೆಲ್’ ಅಂತ, ಎಂಜಿನ್ ನಂಬರ್ ಡೀಸೆಲ್ ಎಂಜಿನ್‌ನದು. ಕಂಪ್ಯೂಟರಿನಲ್ಲಿ ಹುಡುಕಿದರೆ ಗಾಡಿ ಇಲ್ಲವೇ ಇಲ್ಲ. ಅಷ್ಟು ಹಳೇ ದಾಖಲೆ ‘ವಾಹನ್’ ಅನ್ನೋ ಸರ್ಕಾರಿ ಕಂಪ್ಯೂಟರ್ ವ್ಯವಸ್ಥೆಗೆ ಏರಿರಲಿಲ್ಲ. ಅದಕ್ಕೆ ಬ್ಯಾಕ್‌ಲಾಗ್ ಎಂಟ್ರಿ ಅಂತ ಮಾಡಿಸಬೇಕು. ಮೂಲ ಆರ್‌ಸಿ ಪುಸ್ತಕ ನಮ್ಮ ಹತ್ತಿರ ಇದ್ದದ್ದರಿಂದ ಬಚಾವಾದೆವು. ಹಳೇ ಪುಸ್ತಕ ಹರಿದಿದ್ದರೂ, ಗೆದ್ದಲು ತಿಂದಿದ್ದರೂ ಬಿಸಾಕಬೇಡಿ. ಟೇಪ್ ಅಂಟಿಸಬೇಡಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಗೇ ಇಡಿ.

ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ಮಾಡಿಸಲು ಫಾರ್ಮ್ 31 ಹಾಕಬೇಕು. ನಿಯಮದ ಪ್ರಕಾರ 30 ದಿನದೊಳಗೆ ಆರ್‌ಟಿಒ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ಅರ್ಜಿ ಕೊಡಬೇಕು. ನಮ್ಮ ಮನೆಯಲ್ಲಿ ಆ ಅವಧಿ ಮುಗಿದು ಎಷ್ಟೋ ವರ್ಷ ಆಗಿತ್ತು. ಮರಣ ಪತ್ರ, ವಂಶವೃಕ್ಷ, ಅಪ್ಪನ ಒಡಹುಟ್ಟಿದವರೆಲ್ಲರಿಂದ ನಮ್ಮ ತಕರಾರಿಲ್ಲ ಅಂತ ಛಾಪಾ ಕಾಗದದಲ್ಲಿ ಅಫಿಡವಿಟ್ಟು ಬೇಕಾಯಿತು. ಚಿಕ್ಕಪ್ಪಂದಿರು ಬೇಗ ಸಹಿ ಹಾಕಿದರು. ಹೊನ್ನಾಳಿಯ ಅತ್ತೆಗೆ ಮಾತ್ರ ಮನಸ್ಸು ಬರಲಿಲ್ಲ. ಮಾರಿಬಿಡುತ್ತೀರಿ ಅನ್ನೋ ಅನುಮಾನ ಅವರಿಗೆ. ಅವರ ಮದುವೆ ದಿಬ್ಬಣ ಹೋದದ್ದು ಇದೇ ಜೀಪಿನಲ್ಲಿ. ಅಪ್ಪನೇ ಹೋಗಿ ಕೂತು, ಊಟ ಮಾಡಿ, ಮಾತು ಕೊಟ್ಟು ಬಂದರು. ಕಾಗದದ ಕೆಲಸದಲ್ಲಿ ಹೀಗೆ ಮನಸ್ಸಿನ ಕೆಲಸವೂ ಸೇರಿಕೊಂಡಿರುತ್ತದೆ. ಅದಕ್ಕೆ ಸಮಯ ಇಟ್ಟುಕೊಳ್ಳಿ. ಇನ್ನೊಂದು ವಿಷಯ: 2021ರಿಂದ ಆರ್‌ಸಿಯಲ್ಲಿ ನಾಮಿನಿ ಹೆಸರು ಸೇರಿಸಬಹುದು. ಅಪ್ಪನ ಹೆಸರಿಗೆ ಬಂದ ಮೇಲೆ ನನ್ನನ್ನು ನಾಮಿನಿ ಮಾಡಿಸಿದ್ದೇವೆ. ನಿಮ್ಮ ಗಾಡಿ ಹೊಸದಾಗಿದ್ದರೂ ಇದನ್ನು ಇವತ್ತೇ ಮಾಡಿಸಿ.

ಮಧ್ಯದಲ್ಲಿ ಒಬ್ಬ ಏಜೆಂಟ್ ಸಿಕ್ಕಿ, ಎಲ್ಲ ಸೇರಿಸಿ ಒಂದು ದೊಡ್ಡ ಮೊತ್ತ ಕೊಡಿ, ಮನೆಗೇ ತಂದು ಕೊಡ್ತೀನಿ ಅಂದರು. ನಾವು ಒಪ್ಪಲಿಲ್ಲ. ಸರ್ಕಾರಿ ಶುಲ್ಕ ನಿಜಕ್ಕೂ ಚಿಕ್ಕದು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಅಂತಲೇ ನಿಯಮ ತಂದಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಎರಡು ಮತ್ತು ನಾಲ್ಕು ಚಕ್ರದ ಗಾಡಿಗಳು ಇದರೊಳಗೆ ಬರುತ್ತವೆ. ಫಾರ್ಮ್ 20ರಲ್ಲಿ ಅರ್ಜಿ. ಜೊತೆಗೆ ವಿಮೆ, ಹಳೇ ಆರ್‌ಸಿ, ಹೊರದೇಶದಿಂದ ತರಿಸಿದ್ದಾದರೆ ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್‌ನ ಆಮದು ಪತ್ರ). ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ಪತ್ರ ಫಾರ್ಮ್ 23ಎ ರೂಪದಲ್ಲಿ ಬರುತ್ತದೆ, 10 ವರ್ಷ ನಡೆಯುತ್ತದೆ. ಹೊಸದಾಗಿ ನೋಂದಣಿ ಆಗುವ ಗಾಡಿಗೆ ‘ವಿಎ’ ಅಕ್ಷರದ ನಂಬರ್ ಕೊಡುತ್ತಾರೆ. ಮೊದಲೇ ನೋಂದಣಿ ಇದ್ದ ಗಾಡಿಗೆ ಹಳೇ ನಂಬರ್ ಉಳಿಸಿಕೊಳ್ಳಲು ಅವಕಾಶ ಇದೆ. ಇದನ್ನು ಓದಿದ ದಿನ ನನಗೆ ಆದ ಖುಷಿ ಹೇಳತೀರದು. ಅಜ್ಜನ ‘ಎಂವೈ’ ನಂಬರ್ ಉಳಿಯುತ್ತದೆ ಅಲ್ವಾ!

ಆದರೆ ಒಂದು ಷರತ್ತು ಇದೆ, ಚೆನ್ನಾಗಿ ಯೋಚಿಸಿ. ವಿಂಟೇಜ್ ಆದ ಗಾಡಿಯನ್ನು ದಿನದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಪ್ರದರ್ಶನ, ವಿಂಟೇಜ್ ರ್‍ಯಾಲಿ, ತಾಂತ್ರಿಕ ಅಧ್ಯಯನ, ಪೆಟ್ರೋಲ್ ಹಾಕಿಸೋದು, ರಿಪೇರಿ, ಇಷ್ಟಕ್ಕೆ ಮಾತ್ರ ರಸ್ತೆಗೆ ತರಬಹುದು. ತೋಟದ ಕೆಲಸಕ್ಕೆ ಜೀಪು ಬೇಕು ಅನ್ನುವವರು ಮಾಮೂಲಿ ನವೀಕರಣದ ದಾರಿ ಹಿಡಿಯುವುದೇ ಸರಿ.

ಮೂಲ ರೂಪ ಬೇಕು ಅಂದ ಮೇಲೆ ಪೆಟ್ರೋಲ್ ಎಂಜಿನ್ ವಾಪಸ್ ಕೂರಲೇಬೇಕು. ಗೋದಾಮಿನಿಂದ ಅದನ್ನು ಎತ್ತಿಸಿ ನಾವಿರುವ ದಾವಣಗೆರೆಗೆ ತಂದೆವು. ನಾಲ್ಕು ಸಿಲಿಂಡರ್, 2.2 ಲೀಟರ್, ಹೊಸದಿದ್ದಾಗ 60 ಅಶ್ವಶಕ್ತಿ. ವಾಲ್ವುಗಳು ಮೇಲಿನ ಮುಚ್ಚಳದಲ್ಲಿ (ಹೆಡ್) ಇಲ್ಲ, ಸಿಲಿಂಡರುಗಳಿರುವ ಎರಕದ ಒಡಲಲ್ಲೇ (ಬ್ಲಾಕ್) ಪಕ್ಕಕ್ಕೆ ನಿಂತಿರುತ್ತವೆ. ವಿಲ್ಲಿಸ್ ಕಂಪನಿಯ ವಿನ್ಯಾಸ ಇದು. ಯುದ್ಧ ಕಾಲದಲ್ಲಿ ವಿಲ್ಲಿಸ್ ಸುಮಾರು 3.6 ಲಕ್ಷ ಜೀಪು ಮಾಡಿದರೆ, ಅದೇ ವಿನ್ಯಾಸದಲ್ಲಿ ಫೋರ್ಡ್ ಸುಮಾರು 2.8 ಲಕ್ಷ ಮಾಡಿತು. ಫೋರ್ಡ್ ತನ್ನ ಜೀಪಿನ ಬೋಲ್ಟುಗಳ ತಲೆ ಮೇಲೂ ‘ಎಫ್’ ಅಕ್ಷರ ಹೊಡೆದಿತ್ತು. ನಿಮ್ಮ ಜೀಪು ಯಾವುದು ಅಂತ ಗುರುತು ಹಿಡಿಯಲು ಮುಂದಿನ ಬಂಪರ್ ಹಿಂದೆ, ರೇಡಿಯೇಟರ್ ಕೆಳಗಿನ ಅಡ್ಡಪಟ್ಟಿ ನೋಡಿ. ವಿಲ್ಲಿಸ್‌ನದು ದುಂಡನೆಯ ಪೈಪು, ಫೋರ್ಡ್‌ನದು ಬೋರಲು ಹಾಕಿದ ದೋಣಿಯಂತೆ ಇರುತ್ತದೆ.

ಬ್ಲಾಕ್ ಸಿಕ್ಕಿತು, ಅದನ್ನು ಬಿಚ್ಚುವವರು ಬೇಕಲ್ಲ. ಊರಿನಲ್ಲಿ ಗ್ಯಾರೇಜುಗಳಿಗೆ ಬರವಿಲ್ಲ. ಈಗಿನ ಹುಡುಗರು ಸ್ಕ್ಯಾನರ್ ಚುಚ್ಚಿ ನೋಡುವವರು. ಅವರ ತಪ್ಪೂ ಅಲ್ಲ, ಇಂಥ ಎಂಜಿನ್ ಅವರು ನೋಡೇ ಇಲ್ಲ. ವಿಚಾರಿಸುತ್ತಾ ಹೋದಾಗ ಆಜಾದ್ ನಗರದ ಕಡೆ ಒಬ್ಬ ವಯಸ್ಸಾದ ಮಿಸ್ತ್ರಿ ಸಿಕ್ಕರು. ಎಲ್ಲರೂ ಅವರನ್ನು ಚಾಚಾ ಅನ್ನುತ್ತಾರೆ. ಹಿಂದೆ ಅಡಿಕೆ ಮಂಡಿಯವರ ಜೀಪುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದರಂತೆ. ಗೋಣಿ ಸರಿಸಿ ಬ್ಲಾಕ್ ಮೇಲೆ ಕೈ ಆಡಿಸಿ, "ಬ್ಲಾಕ್ ಗಟ್ಟಿ ಐತಿ ಮೇಡಂ. ಆದ್ರೆ ಅವಸರ ಮಾಡಬ್ಯಾಡ್ರಿ. ಪಿಸ್ಟನ್ ಹಿಡದಾವು, ಸುತ್ತಿಗಿ ಮುಟ್ಟಿಸಿದ್ರೆ ಹೋತು" ಅಂದರು. ಹೆಡ್ ತೆಗೆದು, ಸಿಲಿಂಡರುಗಳಿಗೆ ಡೀಸೆಲ್ ಮತ್ತು ಗೇರ್ ಆಯಿಲ್ ಬೆರೆಸಿ ಹೊಯ್ದು ಹಾಗೇ ಬಿಟ್ಟೆವು. ವಾರಗಟ್ಟಲೆ ಏನೂ ಆಗಲಿಲ್ಲ. ಕಡೆಗೆ ಒಂದು ಸಂಜೆ ಚಾಚಾ ಮರದ ತುಂಡಿಟ್ಟು ಮೆಲ್ಲಗೆ ತಟ್ಟಿದಾಗ ನಾಲ್ಕನೇ ಪಿಸ್ಟನ್ ಕೂದಲೆಳೆಯಷ್ಟು ಜಾರಿತು. ಆ ದಿನ ಎಲ್ಲರಿಗೂ ಮಂಡಕ್ಕಿ ಮಿರ್ಚಿ, ಚಹಾ ತರಿಸಿದ್ದು ಅಪ್ಪ.

ಬ್ಲಾಕ್ ತೊಳೆದ ಮೇಲೆ ಅಪ್ಪ ಹಟ ಹಿಡಿದರು, ಬಿರುಕಿದೆಯಾ ಅಂತ ನೋಡದೆ ಒಂದು ರೂಪಾಯಿ ಖರ್ಚು ಮಾಡಬಾರದು ಅಂತ. ವಿಮಾನದ ಭಾಗಗಳಿಗೆ ಮಾಡುವ ಡೈ ಪರೀಕ್ಷೆಯನ್ನು ತಾವೇ ಮಾಡಿದರು. ಇದಕ್ಕೆ ಬೇಕಾದ ಸ್ಪ್ರೇ ಡಬ್ಬಗಳು ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತವೆ. ಮೊದಲು ಚೆನ್ನಾಗಿ ಒರೆಸಿ ಕೆಂಪು ಬಣ್ಣ ಹೊಡೆಯಬೇಕು. ಸ್ವಲ್ಪ ಹೊತ್ತು ಬಿಟ್ಟು ಪೂರ್ತಿ ಒರೆಸಬೇಕು. ಆಮೇಲೆ ಬಿಳಿ ಪುಡಿಯ ಸ್ಪ್ರೇ. ಬಿರುಕು ಇದ್ದರೆ ಒಳಗೆ ಉಳಿದ ಕೆಂಪು ಮೇಲೆ ಬರುತ್ತದೆ. ನಾವು ನಾಲ್ಕು ಜನ ಬಗ್ಗಿ ನೋಡುತ್ತಾ ನಿಂತಿದ್ದೆವು. ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಕೂರುವ ಜಾಗದಿಂದ ಪಿಸ್ಟನ್ ಓಡುವ ಕೊಳವೆಯ ಕಡೆಗೆ, ಆ ಬಿಳುಪಿನ ಮೇಲೆ ಕೆಂಪು ಗೆರೆಯೊಂದು ನಿಧಾನವಾಗಿ ಎದ್ದು ಬಂತು. ಉಗುರಿನಷ್ಟು ಉದ್ದ. ನನ್ನ ಎದೆ ಧಸಕ್ ಅಂದಿತು. ಬರಿಗಣ್ಣಿಗೆ ಅದು ಕಾಣುತ್ತಲೇ ಇರಲಿಲ್ಲ.

ಎರಕದ ಕಬ್ಬಿಣಕ್ಕೆ ಸುಮ್ನೆ ವೆಲ್ಡಿಂಗ್ ಹಾಕಿಸಬೇಡಿ. ಬಿಸಿಗೆ ಪಕ್ಕದಲ್ಲೇ ಇನ್ನೊಂದು ಬಿರುಕು ಬಿಡುತ್ತದೆ. ಬಿರುಕಿನ ಉದ್ದಕ್ಕೂ ಸಣ್ಣ ತೂತು ಕೊರೆದು, ಒಂದರ ಅಂಚಿಗೆ ಇನ್ನೊಂದು ಕೂರುವ ಹಾಗೆ ಲೋಹದ ಪಿನ್ನು ತಿರುಗಿಸಿ ಹೊಲಿಯುವ ವಿಧಾನ ಇದೆ. ಸ್ಟಿಚಿಂಗ್ ಅಂತಲೇ ಕರೆಯುತ್ತಾರೆ. ಅದನ್ನು ಬೆಂಗಳೂರಿನಲ್ಲಿ ಮಾಡಿಸಿದೆವು. ವಾಲ್ವ್ ಸೀಟಿನ ಉಂಗುರವನ್ನು ಅಳತೆಗೆ ಕಡೆದು ಕೊಟ್ಟವರು ಹರಿಹರದ ಟರ್ನರ್ ಒಬ್ಬರು. ಹಿಂದೆ ಅಲ್ಲಿನ ಕಿರ್ಲೋಸ್ಕರ್ ಲೇತ್ ಕಾರ್ಖಾನೆಯಲ್ಲಿ ಕೆಲಸ ಕಲಿತವರು. ಮೈಕ್ರೋಮೀಟರ್ ಹಿಡಿಯುವ ಅವರ ರೀತಿ ನೋಡಿಯೇ ಅಪ್ಪ ಸುಮ್ಮನಾದರು, ಏನೂ ಕೇಳಲಿಲ್ಲ.

ಬಿಡಿ ಭಾಗಗಳ ವಿಷಯದಲ್ಲಿ ನಮ್ಮ ದೇಶದವರಿಗೆ ಒಂದು ಅನುಕೂಲ ಇದೆ. ಮಹೀಂದ್ರ ಕಂಪನಿ ಇಲ್ಲಿ ದಶಕಗಟ್ಟಲೆ ಮಾಡಿದ ಪೆಟ್ರೋಲ್ ಜೀಪಿನ ಎಂಜಿನ್ ಇದರದೇ ಮುಂದಿನ ತಲೆಮಾರು. ಸಿಲಿಂಡರಿನ ಅಗಲ (ಬೋರು), ಪಿಸ್ಟನ್ ಓಡುವ ದೂರ (ಸ್ಟ್ರೋಕು) ಒಂದೇ. ಹಾಗಾಗಿ ಒಳಗಿನ ಹಲವು ಭಾಗ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹುಡುಕಿದರೆ ಇನ್ನೂ ಸಿಗುತ್ತವೆ. ಆದರೆ ಅಳತೆ ತೆಗೆದುಕೊಂಡು ಹೋಗಿ. ಬೇರೆ ರಾಜ್ಯದ ಒಬ್ಬ ವ್ಯಾಪಾರಿ ಕಳಿಸಿದ ಪಿಸ್ಟನ್ ಸೆಟ್ಟಿನಲ್ಲಿ ಪಿನ್ನಿನಿಂದ ತಲೆವರೆಗಿನ ಎತ್ತರವೇ ಬೇರೆ ಇತ್ತು. ವಾಪಸ್ ತೆಗೆದುಕೊಳ್ಳಲಿಲ್ಲ, ದುಡ್ಡು ಹೋಯಿತು. ಎರಡನೇ ಸೆಟ್ ಬಂದಾಗ ಅಪ್ಪ ಅದನ್ನು ಮಂಡಿಪೇಟೆಗೆ ಒಯ್ದು ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿದರು. ನಾಲ್ಕೂ ಪಿಸ್ಟನ್ ಒಂದೇ ತೂಕ ಬರುವವರೆಗೆ ಒಳಬದಿ ಅರ ಹಾಕಿಸಿದರು. ಎಂಜಿನ್ ನಡುಗದೆ ಓಡುವುದರಲ್ಲಿ ಆ ಕೆಲಸದ ಪಾಲು ದೊಡ್ಡದು.

ಎಂಜಿನ್ ಒಂದಕ್ಕೇ ಕೂಲಿ ಬಿಟ್ಟು 1.4 ಲಕ್ಷ ಮುಟ್ಟಿತು. ರೇಡಿಯೇಟರ್ ಕೋರ್ ಬದಲಿಸಿದ್ದಕ್ಕೆ 12,000. ಬ್ರೇಕಿಗೆ 26,000. ಬ್ರೇಕಿನಲ್ಲಿ ದಯವಿಟ್ಟು ಉಳಿತಾಯ ಮಾಡಬೇಡಿ. ಈ ಜೀಪಿನಲ್ಲಿ ನಾಲ್ಕೂ ಗಾಲಿಗೆ ಒಂದೇ ಲೈನು. ಒಂದು ಕಡೆ ಸೋರಿದರೆ ಪೆಡಲ್ ಪೂರ್ತಿ ಕೆಳಗೆ ಹೋಗುತ್ತದೆ. ಟೈರಿನ ಅಳತೆ 6.00-16. ನಮ್ಮ ಊರಿನ ಟೈರ್ ಅಂಗಡಿಯಲ್ಲಿ ಈ ಅಳತೆ ಕೇಳಿದರೆ ಟ್ರ್ಯಾಕ್ಟರಿನ ಮುಂದಿನ ಟೈರ್ ತೆಗೆದು ಕೊಡುತ್ತಾರೆ. ಕೂರುತ್ತದೆ, ಅಗ್ಗವೂ ಹೌದು. ಆದರೆ ಅದು ಹೊಲಕ್ಕೆ ಮಾಡಿದ್ದು, ಹೈವೇ ವೇಗಕ್ಕೆ ಅಲ್ಲ. ಜೀಪಿನ ಟೈರೇ ಬೇಕು ಅಂತ ಕೇಳಿ, ಬರುವವರೆಗೆ ಕಾಯಿರಿ. ಐದು ಟೈರು, ಟ್ಯೂಬು ಸೇರಿ 32,000 ಆಯಿತು. ವೈರಿಂಗ್ 6 ವೋಲ್ಟಿನದು. 12 ವೋಲ್ಟಿಗೆ ಬದಲಿಸಿ ಅಂತ ಎಲ್ಲರೂ ಹೇಳಿದರು. ಮೂಲ ರೂಪ ಬೇಕಾದ್ದರಿಂದ ಉಳಿಸಿಕೊಂಡೆವು. ಅದೇ ಕೆಲಸಕ್ಕೆ ಎರಡರಷ್ಟು ಕರೆಂಟು ಹರಿಯುತ್ತದೆ, ಹಾಗಾಗಿ ಕೇಬಲ್ ದಪ್ಪ ಇರಬೇಕು. ಮಾಮೂಲಿ ಕೇಬಲ್ ಹಾಕಿದರೆ ಸ್ಟಾರ್ಟರ್ ಮುಲುಗುತ್ತದೆ. ಬ್ಯಾಟರಿಯನ್ನು ಹೇಳಿ ಮಾಡಿಸಬೇಕಾಯಿತು. ಎರಡೂ ಸೇರಿ 27,000.

ಪೆಟ್ರೋಲ್ ಬಗ್ಗೆ ಒಂದು ಮಾತು. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆಸಿದ ಇ20. ಹಳೇ ರಬ್ಬರಿಗೆ ಅದು ಆಗಿಬರುವುದಿಲ್ಲ. ಪಂಪಿನೊಳಗಿನ ರಬ್ಬರ್ ಪರದೆ (ಡಯಾಫ್ರಾಮ್), ಪೈಪುಗಳು ಮೆತ್ತಗಾಗಿ ಊದಿಕೊಳ್ಳುತ್ತವೆ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ, ನಿಂತ ಗಾಡಿಯ ಟ್ಯಾಂಕು ಒಳಗಿಂದ ತುಕ್ಕು ಹಿಡಿಯುತ್ತದೆ. ಎಥನಾಲ್ ತಡೆಯುವ ಪೈಪು, ಡಯಾಫ್ರಾಮ್ ಹಾಕಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕು, ಕಾರ್ಬ್ಯುರೇಟರ್ ಎರಡನ್ನೂ ಖಾಲಿ ಮಾಡಿ. ಈ ಜೀಪಿನ ಟ್ಯಾಂಕು ಡ್ರೈವರ್ ಸೀಟಿನ ಕೆಳಗೇ ಇದೆ. ಸೋರಿಕೆಯನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ.

ಬಣ್ಣದ ವಿಷಯ ನನಗೆ ಬಹಳ ಬೇಜಾರು ಮಾಡಿತು. ಡ್ಯಾಶ್‌ಬೋರ್ಡಿನ ಹಿಂದೆ ಅಜ್ಜನ ಕಾಲದ ಬೂದು ಬಣ್ಣ ಕೆರೆದಾಗ ಅಂಗೈಯಗಲದ ಮೂಲ ಮಿಲಿಟರಿ ಹಸಿರು ಸಿಕ್ಕಿತು. ಇಡೀ ಜೀಪನ್ನು ಅದೇ ಬಣ್ಣಕ್ಕೆ ತರಬೇಕು ಅಂತ ಎಲ್ಲ ತಯಾರಿ ಆಗಿತ್ತು. ಆಗ ಗೊತ್ತಾಯಿತು, ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ರಕ್ಷಣಾ ಇಲಾಖೆಯ ಗಾಡಿ ಬಿಟ್ಟು ಬೇರೆ ಯಾವ ಗಾಡಿಗೂ ಆಲಿವ್ ಹಸಿರು ಬಳಿಯುವಂತಿಲ್ಲ. ಒಂದು ನಿಯಮ ಮೂಲ ರೂಪ ಇರಬೇಕು ಅನ್ನುತ್ತದೆ, ಇನ್ನೊಂದು ಮೂಲ ಬಣ್ಣ ಬೇಡ ಅನ್ನುತ್ತದೆ. ಭದ್ರತೆಯ ಕಾರಣ ಇದೆ, ಅದನ್ನು ಒಪ್ಪುತ್ತೇನೆ. ಆದರೂ 80 ವರ್ಷದ ಹಿಂದಿನ ಗಾಡಿಗೆ, ವಿಂಟೇಜ್ ಅಂತ ಸರ್ಕಾರವೇ ಒಪ್ಪಿದ ಮೇಲೆ, ಒಂದು ವಿನಾಯಿತಿ ಇರಬೇಕಿತ್ತು ಅನ್ನಿಸುತ್ತದೆ. ಕೊನೆಗೆ ಅಜ್ಜ ಬಳಿಸಿದ್ದ ಬೂದು ಬಣ್ಣವನ್ನೇ ಹೊಡೆಸಿದೆವು. ಆರ್‌ಸಿಯಲ್ಲಿ ಇದ್ದದ್ದೂ ಅದೇ. ಆ ಅಂಗೈಯಗಲದ ಹಸಿರನ್ನು ಹಾಗೇ ಬಿಟ್ಟು, ಮೇಲೆ ಬಣ್ಣವಿಲ್ಲದ ಲ್ಯಾಕರ್ ಹಚ್ಚಿಸಿದ್ದೇವೆ. ತಗಡು ಕೆಲಸ, ಬಣ್ಣ ಸೇರಿ 90,000.

ಸ್ಟೇರಿಂಗ್ ಎಡಗಡೆ ಇರುವುದೂ ಒಂದು ತಕರಾರಾಯಿತು. ಮೋಟಾರು ವಾಹನ ಕಾಯ್ದೆಯ 120ನೇ ಸೆಕ್ಷನ್ ಪ್ರಕಾರ ಎಡ ಸ್ಟೇರಿಂಗ್ ಗಾಡಿಗೆ ತಿರುಗುವ ಸೂಚನೆ ಕೊಡುವ ಸಾಧನ ಇರಲೇಬೇಕು, ಅದು ಕೆಲಸ ಮಾಡುತ್ತಿರಬೇಕು. ಯುದ್ಧ ಕಾಲದ ಜೀಪಿಗೆ ಇಂಡಿಕೇಟರ್ ಎಲ್ಲಿಂದ ಬರಬೇಕು? ಗಾಡಿಯ ಮೈಗೆ ತೂತು ಕೊರೆಯದೆ, ಬಂಪರಿಗೆ ಕ್ಲಾಂಪ್ ಹಾಕಿ ಕೂರಿಸುವ ಸಣ್ಣ ದೀಪಗಳನ್ನು ಚಾಚಾ ಮಾಡಿಕೊಟ್ಟರು. ಬೇಕಾದಾಗ ಬಿಚ್ಚಬಹುದು, ಮೂಲ ರೂಪಕ್ಕೂ ಧಕ್ಕೆ ಇಲ್ಲ. ವಿಮೆಯಲ್ಲೂ ಹೀಗೇ ಒಂದು ಪೇಚು. ನೋಂದಣಿ ನಿಯಮಕ್ಕೆ 50 ವರ್ಷ ಆದರೆ ಸಾಕು. ಹಳೇ ಮೋಟಾರ್ ಟ್ಯಾರಿಫ್ (ವಿಮೆ ದರಪಟ್ಟಿ) ಪ್ರಕಾರ ವಿಮೆಯಲ್ಲಿ ವಿಂಟೇಜ್ ರಿಯಾಯಿತಿ ಸಿಗುವುದು 1940ರ ಡಿಸೆಂಬರ್ 31ಕ್ಕೆ ಮೊದಲು ತಯಾರಾದ ಕಾರುಗಳಿಗೆ. ನಮ್ಮದು 1944. ಕೌಂಟರಿನಲ್ಲಿ ಈ ಎರಡು ಲೆಕ್ಕ ಗೊತ್ತಿಲ್ಲದೆ ಬಹಳ ಹೊತ್ತು ವಾದ ಆಗುತ್ತದೆ. ಥರ್ಡ್ ಪಾರ್ಟಿ ವಿಮೆ ಮೊದಲು ಮಾಡಿಸಿಕೊಳ್ಳಿ, ಅದಿಲ್ಲದೆ ಅರ್ಜಿ ಮುಂದೆ ಹೋಗಲ್ಲ.

ಎಂಜಿನ್ ಮೊದಲ ಸಲ ಸ್ಟಾರ್ಟ್ ಮಾಡಿದ ದಿನ ಅಪ್ಪ ನೇರ ಸೆಲ್ಫ್ ಹೊಡೆಯಲು ಬಿಡಲಿಲ್ಲ. ಪ್ಲಗ್ ಬಿಚ್ಚಿಸಿ, ಮುಂದಿನಿಂದ ಹ್ಯಾಂಡಲ್ ಹಾಕಿ ಕೈಯಲ್ಲಿ ತಿರುಗಿಸಲು ಹೇಳಿದರು. ಡಕೋಟಾದ ಎಂಜಿನ್‌ನಲ್ಲಿ 14 ಸಿಲಿಂಡರುಗಳು ಸುತ್ತಲೂ ಚಕ್ರದ ಹಾಗೆ ಜೋಡಿಸಿರುತ್ತವೆ. ನಿಂತಾಗ ಕೆಳಗಿನ ಸಿಲಿಂಡರುಗಳಿಗೆ ಎಣ್ಣೆ ಇಳಿದಿರುತ್ತದೆ. ಹಾಗೇ ಸ್ಟಾರ್ಟ್ ಮಾಡಿದರೆ ಎಣ್ಣೆ ಕುಗ್ಗದೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಅದಕ್ಕೇ ಮೊದಲು ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸುತ್ತಿದ್ದರಂತೆ. ಜೀಪಿಗೆ ಆ ಭಯ ಇಲ್ಲ. ಆದರೆ ಬೇರಿಂಗಿಗೆ ಎಣ್ಣೆ ಮುಟ್ಟಲಿ ಅಂತ ಅಪ್ಪನ ಕಾಳಜಿ. ಆಯಿಲ್ ಪ್ರೆಶರ್ ಮುಳ್ಳು ಸ್ವಲ್ಪ ಅಲುಗಾಡಿದ ಮೇಲೆ ಪ್ಲಗ್ ಹಾಕಿ, ಸೆಲ್ಫ್ ಒತ್ತಲು ಹೇಳಿದರು. ಒಂದೆರಡು ಸಲ ಕೆಮ್ಮಿ ಹತ್ತಿಕೊಂಡಿತು. ಚಾಚಾ ಟೋಪಿ ತೆಗೆದು ಬಾನೆಟ್ ಮೇಲೆ ಇಟ್ಟರು. ಅಪ್ಪ ಮಾತಾಡಲಿಲ್ಲ, ಕಿವಿ ಕೊಟ್ಟು ನಿಂತಿದ್ದರು. ಆಮೇಲೆ "ಎರಡನೇ ಟ್ಯಾಪೆಟ್ ಬಿಗಿ ಐತಿ" ಅಂದರು. ವಾಲ್ವ್ ಎತ್ತುವ ಭಾಗ ಅದು. ನೋಡಿದರೆ ಹೌದು.

ಡೀಸೆಲ್‌ನಿಂದ ಪೆಟ್ರೋಲ್‌ಗೆ ಬದಲಾದದ್ದನ್ನು ದಾಖಲಿಸಲು ಬೇರೆ ಅನುಮತಿ ಬೇಕಾಯಿತು. ಎಂಜಿನ್ ಎಲ್ಲಿಂದ ಬಂತು ಅನ್ನೋದಕ್ಕೆ ಸಾಕ್ಷಿ ಕೇಳಿದರು. ಇಲ್ಲಿ ಅಜ್ಜ ಮತ್ತೆ ಕೈ ಹಿಡಿದರು. ಹಳೇ ಆರ್‌ಸಿಯ ಮೊದಲ ಪುಟದಲ್ಲಿ ಮೂಲ ಎಂಜಿನ್ ನಂಬರ್ ಇತ್ತು, ಬ್ಲಾಕಿನ ಮೇಲಿನ ನಂಬರಿಗೆ ಸರಿಹೊಂದಿತು. ಆ ನಂಬರ್ ಎಂಜಿನ್ ಪಕ್ಕದಲ್ಲಿ, ಆಯಿಲ್ ಫಿಲ್ಟರ್ ಹತ್ತಿರ ಕೊರೆದಿರುತ್ತದೆ. ಫ್ರೇಮಿನ ನಂಬರ್ ಮುಂದಿನ ಎಡ ಪಟ್ಟಿಯ ಮೇಲೆ ಇದೆ. ಬಣ್ಣ ಬಳಿಸುವ ಮುಂಚೆ ಎರಡನ್ನೂ ಚೆನ್ನಾಗಿ ಒರೆಸಿ ಫೋಟೊ, ಪೆನ್ಸಿಲ್ ಪ್ರಿಂಟ್ ತೆಗೆದಿಡಿ. ದಪ್ಪ ಪೇಂಟ್ ಕೂತರೆ ಅಕ್ಷರ ಓದಲಾಗದೆ ಮತ್ತೆ ಕೆರೆಯಬೇಕಾಗುತ್ತದೆ.

ವಿಂಟೇಜ್ ಅರ್ಜಿಯನ್ನು ರಾಜ್ಯದ ನೋಡಲ್ ಅಧಿಕಾರಿ ನೇಮಿಸುವ ಸಮಿತಿ ಪರಿಶೀಲಿಸುತ್ತದೆ. ಅರ್ಜಿ ಸೇರಿದ ಮೇಲೆ 60 ದಿನದೊಳಗೆ ಪತ್ರ ಕೊಡಬೇಕು ಅಂತ ನಿಯಮ. ಆದರೆ ನಿಜವಾದ ಕಾಯುವಿಕೆ ಅರ್ಜಿಗೆ ಮುಂಚೆಯೇ ಮುಗಿದಿರುತ್ತದೆ. ನಮ್ಮ ತಪಾಸಣೆ ಚೆನ್ನಾಗೇ ನಡೆಯಿತು. ಬಂದವರಲ್ಲಿ ಒಬ್ಬರು ಬೋಲ್ಟಿನ ತಲೆಗಳ ಮೇಲೆ ಟಾರ್ಚ್ ಬಿಟ್ಟು ‘ಎಫ್’ ಅಕ್ಷರ ಹುಡುಕುತ್ತಿದ್ದರು. ಗೊತ್ತಿದ್ದವರ ಕೈಗೆ ಗಾಡಿ ಬಿತ್ತಲ್ಲ ಅಂತ ನಮಗೆ ನೆಮ್ಮದಿ ಆಯಿತು.

ಎಲ್ಲ ಸೇರಿ ನಾಲ್ಕು ಲಕ್ಷದ ಮೇಲೆ ಖರ್ಚಾಗಿದೆ. ಇದರಲ್ಲಿ ಚಾಚಾ ಕೂಲಿ 60,000, ಅದು ಬಹಳ ಕಡಿಮೆ. ಕಾಗದ, ಶುಲ್ಕ, ಅಫಿಡವಿಟ್ಟು, ವಿಮೆ ಎಲ್ಲ ಸೇರಿ 15,000 ದಾಟಿಲ್ಲ. ಇದು ಒಂದು ಸಲದ ಖರ್ಚು. ವರ್ಷವರ್ಷದ್ದೇ ಬೇರೆ. ವಿಮೆ, ಆಯಿಲ್, ಗ್ರೀಸು, ಬ್ಯಾಟರಿ, ಟೈರಿಗೆ ಅಂತ ಎತ್ತಿಡುವುದು, ಅಲ್ಲೊಂದು ಇಲ್ಲೊಂದು ರಿಪೇರಿ ಸೇರಿಸಿ ವರ್ಷಕ್ಕೆ 45,000 ಅಂತ ನನ್ನ ಅಂದಾಜು. ವರ್ಷಕ್ಕೆ 400 ಕಿಲೋಮೀಟರ್ ಓಡಿಸಿದರೆ ಕಿಲೋಮೀಟರಿಗೆ ನೂರು ರೂಪಾಯಿ ಮೀರಿತು, ಪೆಟ್ರೋಲ್ ಬಿಟ್ಟು. ಲೀಟರಿಗೆ ಆರೇಳು ಕಿಲೋಮೀಟರ್ ಕೊಡುತ್ತದೆ. ಅಪ್ಪನಿಗೆ ಈ ಲೆಕ್ಕ ತೋರಿಸಿದಾಗ ಅವರಿಗೆ ಆಶ್ಚರ್ಯ ಆಗಲಿಲ್ಲ. ಹಳೇ ವಿಮಾನದ ಕಥೆಯೂ ಇದೇ ಅಂದರು. ರಬ್ಬರ್ ಸೀಲು, ಪೈಪುಗಳಿಗೆ ಹಾರಾಟದ ಗಂಟೆಯ ಲೆಕ್ಕ ಒಂದಾದರೆ, ಕ್ಯಾಲೆಂಡರಿನ ಲೆಕ್ಕ ಇನ್ನೊಂದು. ಒಂದು ಗಂಟೆಯೂ ಹಾರದೆ ನಿಂತಿದ್ದರೂ ತಾರೀಕು ಬಂದರೆ ಬದಲಿಸಲೇಬೇಕು. ಎರಡು ಎಂಜಿನ್‌ಗೆ 56 ಸ್ಪಾರ್ಕ್ ಪ್ಲಗ್ ಇರುವ ಡಕೋಟಾಗೆ ಹೀಗೆ ಲೆಕ್ಕ ಹಾಕಿ ನೋಡಿ. ಉದ್ಯಮಿ, ರಾಜಕಾರಣಿ ರಾಜೀವ್ ಚಂದ್ರಶೇಖರ್ ಅವರು ಬ್ರಿಟನ್‌ನಲ್ಲಿ ಸರಿಪಡಿಸಿ ಕೊಟ್ಟ ಡಕೋಟಾ 2018ರಲ್ಲಿ ನಮ್ಮ ವಾಯುಪಡೆಯ ವಿಂಟೇಜ್ ಫ್ಲೈಟ್‌ಗೆ ಸೇರಿತು, ‘ಪರಶುರಾಮ’ ಅಂತ ಹೆಸರು. ಅವರ ತಂದೆಯೂ ಡಕೋಟಾ ಪೈಲಟ್ ಆಗಿದ್ದವರು. ಅದು ಹಾರುವ ವಿಡಿಯೊ ಬಂದಾಗಲೆಲ್ಲ ಅಪ್ಪ ಸದ್ದು ಜಾಸ್ತಿ ಮಾಡಿಸಿಕೊಂಡು ಕೇಳುತ್ತಾರೆ.

ದುಡ್ಡಿಗಿಂತ ದೊಡ್ಡ ಚಿಂತೆ ಒಂದಿದೆ. ಬ್ರಿಟನ್ನಿನಲ್ಲಿ ಹಾರುವ ಸ್ಥಿತಿಯಲ್ಲಿದ್ದ ಕೊನೆಯ ವಲ್ಕನ್ ಬಾಂಬರ್ 2015ರ ಅಕ್ಟೋಬರಿನಲ್ಲಿ ಕೊನೆಯ ಸಲ ಹಾರಿತು. ಅದನ್ನು ಹಾರಿಸಲು ಜನ ವರ್ಷಗಟ್ಟಲೆ ದೇಣಿಗೆ ಕೊಟ್ಟಿದ್ದರು. ನಿಂತದ್ದು ಯಾಕೆ ಅಂದರೆ, ತಾಂತ್ರಿಕ ಬೆಂಬಲ ಕೊಡುತ್ತಿದ್ದ ಕಂಪನಿಗಳು ಹಿಂದೆ ಸರಿದವು. ಆ ವಿಮಾನ ಬಲ್ಲವರು ಕಡಿಮೆಯಾಗುತ್ತಾ ಬಂದಿದ್ದರು. ನಮ್ಮ ಜೀಪಿಗೂ ಇದೇ ಅಪಾಯ ಇದೆ. ಪಿಸ್ಟನ್ ಇನ್ನೊಂದು ತರಿಸಬಹುದು, ಚಾಚಾ ಕೈ ಎಲ್ಲಿಂದ ತರಿಸೋದು? ಅದಕ್ಕೇ ವರ್ಷದ ಖರ್ಚಿನಲ್ಲಿ ಈಗ ಇನ್ನೊಂದು ಬಾಬತ್ತು ಸೇರಿಸಿದ್ದೇನೆ. ಚಾಚಾ ಮೊಮ್ಮಗ ಐಟಿಐ ಓದುತ್ತಿದ್ದಾನೆ. ತಿಂಗಳಿಗೊಂದು ಭಾನುವಾರ ಅವನು ಬಂದು ಚಾಚಾ ಎದುರು ಜೀಪಿನ ಕೆಲಸ ಮಾಡುತ್ತಾನೆ. ಇಬ್ಬರಿಗೂ ದಿನಗೂಲಿ ಕೊಡುತ್ತೇನೆ. ರಿಜಿಸ್ಟರಿನಲ್ಲಿ ಈಗ ಬರೆಯುವವನು ಅವನೇ. ಹೋದ ಭಾನುವಾರ ಗ್ರೀಸ್ ಗನ್ ಹಿಡಿದು ಪ್ರತಿ ನಿಪ್ಪಲಿಗೂ ಗ್ರೀಸ್ ಹೊಡೆದು, ಚಿತ್ರ ಬರೆದು ನಂಬರ್ ಹಾಕಿದ್ದಾನೆ. ಹತ್ತಿರದ ಬಾತಿ ಊರಿನವರೆಗೆ ಹೋಗಿ ಬರುವಾಗ ಕ್ಲಚ್ ಸ್ವಲ್ಪ ಜಾರುತ್ತಿದೆ ಅಂತಲೂ ಅವನೇ ಹೇಳಿದ. ಕ್ಲಚ್ ಪ್ಲೇಟಿಗೆ ಹೇಳಿಟ್ಟಿದ್ದೇವೆ, ಬಂದ ಮೇಲೆ ಬೆಲೆ ಎಷ್ಟು, ಯಾವ ಅಳತೆ ಸರಿಹೊಂದಿತು ಅಂತ ತಿಳಿಸುತ್ತೇನೆ.